ನಾಲಿಗೆಯಡಿಯ ಎರಡು ತೊಟ್ಟು

ಬಾಯಿ ತೆರೆದರೆ ಸಾಕು, ದಾಸಮ್ಮನ ಬಲಗೆನ್ನೆಯೊಳಗೆ ಕರೆಂಟು ಹೊಡೆದಂತಾಗುತ್ತಿತ್ತು. ಮುಖದ ನರದ ನೋವು ಅಂದಿದ್ದರು ದೊಡ್ಡಾಸ್ಪತ್ರೆಯವರು. ಅಗಿಯುವಂತಿಲ್ಲ, ಮುಖ ತೊಳೆಯುವಂತಿಲ್ಲ, ಗಾಳಿಗೆ ಕೆನ್ನೆ ಕೊಡುವಂತಿಲ್ಲ. ನಾಲ್ಕು ತಿಂಗಳಿಂದ ಅವಳು ಮಾತನ್ನೇ ಬಿಟ್ಟಿದ್ದಳು. ಸಾವನದುರ್ಗದ ಬುಡದಲ್ಲಿ ಮೇಯುವ ಅವಳ ಮೂವತ್ತೆರಡು ಕುರಿಗಳಿಗೆ ಇದನ್ನು ಯಾರು ಹೇಳಬೇಕು? ಅವಳ ಕೂಗಿಗಲ್ಲದೆ ಬೇರೆಯವರ ಕೂಗಿಗೆ ಅವು ತಲೆ ಎತ್ತುತ್ತಿರಲಿಲ್ಲ. ಗಂಡ ಕೆಂಪಯ್ಯ ಗಂಟಲು ಹರಿದುಕೊಂಡರೂ ಕಾಡಿನ ಕಡೆಗೇ ನಡೆಯುತ್ತಿದ್ದವು. ಮಂಡಿನೋವಿನವನು ಅವುಗಳ ಹಿಂದೆ ಕುಂಟಿ ಕುಂಟಿ ಸಾಕಾಗಿ, ಹಿಂಡನ್ನೆಲ್ಲ ಮಾಗಡಿಯ ಕುರಿ ವ್ಯಾಪಾರಿ ಶರೀಫ್‌ಗೆ ಮಾರಲು ಒಪ್ಪಿಕೊಂಡ. ಬರುವ ತಿಂಗಳ ಮೊದಲ ಶುಕ್ರವಾರ ಗಾಡಿ ಬರುವುದೆಂದಾಯಿತು. ದಾಸಮ್ಮ ಬೇಡವೆಂದು ತಲೆಯಾಡಿಸಿದಳು.

"ಕೂಗೋಕಾಯ್ತದಾ ನಿಂಗೆ? ಒಂದ್ಸಲ ಕೂಗು, ಮಾರೋದು ಬುಟ್ಬುಡ್ತೀನಿ," ಅಂದ ಕೆಂಪಯ್ಯ. ಅವಳು ಸೆರಗಿನಿಂದ ಕೆನ್ನೆ ಮುಚ್ಚಿಕೊಂಡು ಒಳಗೆ ಹೋದಳು.

ದೊಡ್ಡಾಸ್ಪತ್ರೆಯ ಮಾತ್ರೆ ಹೆಚ್ಚಾದರೆ ಅವಳು ತಲೆ ತಿರುಗಿ ಬೀಳುತ್ತಿದ್ದಳು. ಆಗ ರಾಮನಗರದ ಆಯುರ್ವೇದ ಡಾಕ್ಟರು ಪ್ರತಿಮಾ, ಆ ಮಾತ್ರೆಯ ಚೀಟಿ ನೋಡಿ, ಅದರ ಜೊತೆಗೇ ತೆಗೆದುಕೊಳ್ಳಲು ಒಂದು ಪುಟ್ಟ ಸೀಸೆ ಬರೆದುಕೊಟ್ಟರು. ಅದು ಭಂಗಿ ಸೊಪ್ಪಿನ ಎಣ್ಣೆ.

"ಭಂಗಿನಾ?" ಕೆಂಪಯ್ಯ ಬಾಗಿಲ ಕಡೆ ನೋಡಿ ದನಿ ತಗ್ಗಿಸಿದ. "ಸೇದೋದಾ ಮೇಡಂ?"

"ಸೇದೋದಲ್ಲ. ಚೀಟಿ ಇದ್ರೆ ಇದೂ ಔಷಧಿನೇ. ನಾಲಿಗೆ ಕೆಳಗೆ ಎರಡು ತೊಟ್ಟು. ನೂರು ಎಣಿಸೋವರೆಗೂ ನುಂಗಬಾರದು. ಸೀದಾ ಹೊಟ್ಟೆಗೆ ಹೋದ್ರೆ ನಿಧಾನಕ್ಕೆ ಹತ್ತುತ್ತೆ, ಎಷ್ಟು ಹತ್ತುತ್ತೆ ಅಂತ ಹೇಳೋಕಾಗಲ್ಲ."

ಕೆಂಪಯ್ಯ ತಲೆಯಾಡಿಸಿದ. ಅವನು ತಲೆಯಾಡಿಸಿದನೆಂದರೆ ಕೇಳಿಸಿಕೊಂಡಿಲ್ಲ ಎಂದೇ ಅರ್ಥ. ನಲವತ್ತು ವರ್ಷ ಕುರಿಗಳಿಗೆ ಔಷಧಿ ಕುಡಿಸಿದವನಿಗೆ ನಿನ್ನೆ ಮೊನ್ನೆಯ ಡಾಕ್ಟರಮ್ಮ ಕಲಿಸುವುದೇನಿದೆ? ಕಹಿ ನಾಲಿಗೆಗೆ ತಾಗಿದರೆ ಕುರಿ ಉಗಿದುಬಿಡುತ್ತದೆ. ಅದಕ್ಕೇ ಬಿದಿರಿನ ಗೊಟ್ಟದಲ್ಲಿ ತುಂಬಿ, ತಲೆ ಎತ್ತಿ ಹಿಡಿದು, ನಾಲಿಗೆ ದಾಟಿಸಿ ಗಂಟಲಿಗೇ ಬಿಡಬೇಕು. ಹೆಂಡತಿಗೂ ಹಾಗೆಯೇ, ಎರಡು ತೊಟ್ಟನ್ನು ಮಜ್ಜಿಗೆಗೆ ಬೆರೆಸಿ ನೋವಿಲ್ಲದ ಎಡಬದಿಯಿಂದ ಗೊಟ್ಟ ಇಟ್ಟು ಕುಡಿಸಿದ. ಗೊಟ್ಟ ತೊಳೆದಿದ್ದನಲ್ಲ, ಅದೇ ಪುಣ್ಯ.

ಏಳು ದಿನ ಏನೂ ಗುಣ ಕಾಣಲಿಲ್ಲ. ಎಂಟನೆಯ ದಿನ ಒಂದು ಚಮಚ ಹಾಕಿದ. ಗಂಟೆ ಕಳೆದರೂ ಏನೂ ಆಗದಿದ್ದಾಗ ಇನ್ನೊಂದು ಚಮಚ ಹಾಕಿದ. ದಾಸಮ್ಮ ಕುರಿ ಹೊಡೆದುಕೊಂಡು ಹೋಗಿ ಬಂಡೆಯ ನೆರಳಿನಲ್ಲಿ ಕೂತಳು.

ಮಧ್ಯಾಹ್ನ ಮೆಲ್ಲಗೆ ಅಗಲವಾಯಿತು. ಸಾವನದುರ್ಗ ಉಸಿರಾಡತೊಡಗಿತು, ಅದರ ಕಪ್ಪು ಹೊಟ್ಟೆ ಏರುವುದು, ಇಳಿಯುವುದು ಅವಳಿಗೆ ಕಾಣುತ್ತಿತ್ತು. ಕುರಿಗಳು ಬಂಡೆ ಹತ್ತಿ ಮೋಡದೊಳಗೆ ಹೊಕ್ಕು, ಆ ಕಡೆಯಿಂದ ಬೆಳ್ಳಗಾಗಿ ಇಳಿದು ಬರುತ್ತಿದ್ದವು. ನೋವು ಹೋಗಿರಲಿಲ್ಲ, ಪಕ್ಕದ ಮನೆಯ ಜಗಳದಂತೆ ಗೋಡೆಯಾಚೆ ಕೇಳುತ್ತಿತ್ತು, ಅಷ್ಟೆ. ಅವಳು ಕೂಗಿದಳು. ಕೂಗು ಆಚೆ ಊರು ಕೆಂಪಾಪುರದವರೆಗೂ ಹೋಗಿ, ತಿರುಗಿ ಬಂದು ಅವಳ ಮಡಿಲಲ್ಲಿ ಕೂತಿತು. ಒಂದೊಂದು ಕುರಿಯನ್ನೂ ಕರೆದಳು, ಸತ್ತುಹೋದವನ್ನೂ ಕರೆದಳು. ಎಲ್ಲವೂ ಬಂದವು.

ಕೆಂಪಯ್ಯ ಬಂದು ಅಲುಗಿಸಿದಾಗ ಅವಳ ತುಟಿಗಳು ಒಣಗಿ ಒಂದಕ್ಕೊಂದು ಅಂಟಿದ್ದವು. ಅವಳು ಬಾಯಿ ತೆರೆದೇ ಇರಲಿಲ್ಲ. ಕುರಿಗಳು ಕಾಡಿನಂಚಿನಲ್ಲಿ ಚೆದುರಿ ಹೋಗಿದ್ದವು. ಅವಳಿಗೆ ಅಳು ಬಂತು, ಆದರೆ ಅಳುವುದಕ್ಕೂ ಕೆನ್ನೆ ಬಿಡಲಿಲ್ಲ.

ಮಾರನೆಯ ದಿನ ಪ್ರತಿಮಾ ಕೆಂಪಯ್ಯ ತಂದು ತೋರಿಸಿದ ಗೊಟ್ಟವನ್ನೂ ಅವನ ಮುಖವನ್ನೂ ಒಂದೊಂದು ಸಲ ನೋಡಿದರು. "ಅದೃಷ್ಟ ಚೆನ್ನಾಗಿತ್ತು, ಬರೀ ಮಂಪರಲ್ಲೇ ಮುಗೀತು," ಎಂದು ಬೈದು, ಎರಡು ದಿನ ಬಿಟ್ಟು ಮತ್ತೆ ಶುರು ಮಾಡಲು ಹೇಳಿ, ಹೇಗೆಂದು ತಾವೇ ತೋರಿಸಿಕೊಟ್ಟರು. ಆಮೇಲೆ ಹೊತ್ತು ಹೊತ್ತಿಗೆ ದಾಸಮ್ಮ ನಾಲಿಗೆ ಎತ್ತುವುದು, ಕೆಂಪಯ್ಯ ಎದುರು ಕೂತು ಗಟ್ಟಿಯಾಗಿ ಎಣಿಸುವುದು. ಅರವತ್ತರ ಮೇಲೆ ಅವನಿಗೆ ಲೆಕ್ಕ ತಪ್ಪುತ್ತಿತ್ತು, ಮತ್ತೆ ಒಂದರಿಂದ ಶುರುಮಾಡುತ್ತಿದ್ದ. ಹತ್ತು ದಿನಕ್ಕೆ ಅವಳು ಮುದ್ದೆ ನುಂಗಿದಳು, ಕೆನ್ನೆಗೆ ಸೆರಗು ಮುಚ್ಚದೆ ಗಾಳಿಗೆ ನಿಂತಳು. ಮಾತು ಮಾತ್ರ ಆಡಲಿಲ್ಲ. ಮಲಗಿದ ನೋವನ್ನು ಎಬ್ಬಿಸಲು ಅವಳಿಗೆ ಭಯ. ಕೂಗಿ ನೋಡಿ, ಕೂಗಲಾಗದಿದ್ದರೆ ಆಮೇಲೇನು?

ಶುಕ್ರವಾರ ಬೆಳಿಗ್ಗೆ ಎಣಿಕೆ ನಲವತ್ತಕ್ಕೆ ಬಂದಿದ್ದಾಗ ಶರೀಫ್‌ನ ಟೆಂಪೋ ಬಂತು. "ಮಿಕ್ಕಿದ್ದು ನೀನೇ ಎಣ್ಸ್ಕೊ ಅಮ್ಮಿ," ಎಂದು ಕೆಂಪಯ್ಯ ಎದ್ದು ಹೋದ. ಹಟ್ಟಿಯ ಬಾಗಿಲಿಂದ ಅವಳು ನೋಡಿದಳು. ಶರೀಫ್ ಟಗರಿನ ಕೊಂಬು ಹಿಡಿದು ಹತ್ತಿಸಿದ. ಅದರ ಹಿಂದೆ ಒಂದೊಂದೇ ಕುರಿ ಹಲಗೆ ಹತ್ತಿತು. ಎಣ್ಣೆಯ ಎಣಿಕೆ ಅವಳೊಳಗೆ ನಡೆದೇ ಇತ್ತು, ಐವತ್ತು, ಅರವತ್ತು. ಕೆಂಪಯ್ಯ ಟೆಂಪೋದ ಹಿಂಬಾಗಿಲು ಮುಚ್ಚಲು ಕೈ ಹಾಕಿದ. ಎಂಜಿನ್ ಶುರುವಾಯಿತು.

ಹೆಂಡತಿ ಗಂಡನನ್ನು ಹೆಸರು ಹಿಡಿದು ಕರೆಯುವ ವಾಡಿಕೆ ಆ ಕಡೆ ಇಲ್ಲ. ಮೂವತ್ತೈದು ವರ್ಷ ಅವಳು "ಇಗಾ" ಎಂದೇ ಸಂಸಾರ ಮಾಡಿದ್ದಳು. ಆ ಸದ್ದಿನಲ್ಲಿ "ಇಗಾ" ಎಲ್ಲಿ ಕೇಳಬೇಕು?

ದಾಸಮ್ಮ ಎಣ್ಣೆ ನುಂಗಿದಳು.

"ಕೆಂಪಯ್ಯಾ…"

ಕೆನ್ನೆಯಲ್ಲಿ ಚಳುಕು ಎದ್ದಿತು, ಅರ್ಧ ದಾರಿಗೆ ಬಂದು ಅಲ್ಲೇ ನಿಂತಿತು. ಟೆಂಪೋದೊಳಗೆ ಮೂವತ್ತೆರಡು ತಲೆಗಳು ಒಟ್ಟಿಗೆ ಅವಳ ಕಡೆ ತಿರುಗಿದವು. ಶರೀಫ್ ಎಂಜಿನ್ ಆಫ್ ಮಾಡಿ ನೆಲ ನೋಡಿದ. ಕೆಂಪಯ್ಯ ಬೇರೆ ಯಾರೋ ಕರೆದರೇನೋ ಎಂದು ಬೀದಿಯ ಆ ತುದಿ ಈ ತುದಿ ನೋಡಿ, ಕೊನೆಗೆ ಅವಳ ಮುಖ ನೋಡಿದ.

"ಓ," ಅಂದ.

"ಕುರಿ ಇಳ್ಸಿ," ಅಂದಳು ದಾಸಮ್ಮ.