‘ಆಯ್ತು’ ಅಂದರೆ ಏನಾಯ್ತು?

ಹೆರಿಗೆ ಕೋಣೆಯ ಮಂಚದ ಮೇಲೆ ಮಲಗಿದ್ದ ರಬ್ಬರ್ ಗೊಂಬೆ ಆ ಬೆಳಿಗ್ಗೆ ಎರಡನೇ ಸಲ ಸತ್ತಳು. ನರ್ಸುಗಳು ಅವಳಿಗೆ ಮಹಾರಾಣಿ ಎಂದು ಹೆಸರಿಟ್ಟಿದ್ದರು. ಹೆರಿಗೆಯಾದ ಮೇಲೆ ರಕ್ತ ನಿಲ್ಲದಿದ್ದರೆ ಏನು ಮಾಡಬೇಕೆಂದು ತಂಡಕ್ಕೆ ಅಭ್ಯಾಸ ಮಾಡಿಸುವುದು ನನ್ನ ಕೆಲಸ. ಮಂಚದ ಕೆಳಗೆ ಕೂತು ಕೆಂಪು ನೀರಿನ ಚೀಲದ ಕೊಳವೆ ಹಿಡಿಯುವವಳೂ ನಾನೇ. ಗರ್ಭಕೋಶ ಬಿಗಿಯಾಗುವ ಇಂಜೆಕ್ಷನ್ ಕೊಟ್ಟರೆ ಕೊಳವೆ ಬಿಗಿಯುತ್ತೇನೆ. ಕೊಡದಿದ್ದರೆ ನೀರು ಹರಿಯುತ್ತಲೇ ಇರುತ್ತದೆ. ಈಗ ಅದು ನನ್ನ ಪಾದದಡಿಗೂ ಹರಿದಿತ್ತು.

“ಇಂಜೆಕ್ಷನ್ ಕೊಡಿ ಅಂದೆ. ಇವ್ರು ಆಯ್ತು ಅಂದ್ರು,” ಎಂದರು ಡಾಕ್ಟರ್, ಸತ್ತ ಗೊಂಬೆಯ ಹೊಟ್ಟೆಯನ್ನು ಇನ್ನೂ ಒತ್ತುತ್ತಲೇ. “ಆಯ್ತು ಅಂದ್ಮೇಲೆ ಮುಗೀತಲ್ಲ?”

“ಆಯ್ತು ಅಂದ್ರೆ ಕೊಡ್ತೀನಿ ಅಂತ ಸರ್,” ಎಂದರು ಹಿರಿಯ ನರ್ಸ್. ವಾರ್ಡಿಗೆಲ್ಲ ಅವರು ದೊಡ್ಡಕ್ಕ. “ಸಿರಿಂಜಿಗೆ ತುಂಬ್ತಿದ್ದೆ, ಅಷ್ಟರಲ್ಲಿ ಡ್ರಿಪ್ ಹಾಕಿ ಅಂದ್ರಿ. ಅದಕ್ಕೂ ಆಯ್ತು ಅಂದೆ.”

“ಅದಾದ್ರೂ ಆಯ್ತಾ?”

“ಎಲ್ಲಿ ಸರ್? ದೇವರು ಕೊಟ್ಟಿದ್ದು ಎರಡೇ ಕೈ.”

ನನಗೆ ಹಣೆ ಚಚ್ಚಿಕೊಳ್ಳುವಂತಾಯಿತು. ಒಪ್ಪಿಕೊಂಡದ್ದಕ್ಕೂ ಮುಗಿಸಿದ್ದಕ್ಕೂ ನಮಗೆ ಒಂದೇ ಮಾತು. ಮನೆಯಲ್ಲಾದರೆ ಹಾಲು ಉಕ್ಕುತ್ತದೆ, ಒರೆಸಿದರೆ ಆಯಿತು. ಇಲ್ಲಿ ಆ ಎರಡು ಅರ್ಥಗಳ ಸಂದಿಯಲ್ಲಿ ಒಬ್ಬಳ ಜೀವ ಸೋರಿಹೋಗುತ್ತದೆ. ಅದೂ ಅಲ್ಲದೆ, ನನ್ನ ತಂಗಿ ತುಂಬು ಗರ್ಭಿಣಿ. ಹೋದ ಸಲ ಹೆತ್ತಾಗ ರಕ್ತ ನಿಲ್ಲದೆ ಅವಳು ಉಳಿದದ್ದೇ ಹೆಚ್ಚು. ಈ ಸಲದ ಹೆರಿಗೆ ಇದೇ ಮಂಚದ ಮೇಲೆ, ಇವರದೇ ಕೈಯಲ್ಲಿ.

“ಆಯ್ತು ಅನ್ನೋದನ್ನ ಚಪ್ಪಲಿ ಜೊತೆ ಹೊರಗೆ ಬಿಟ್ಟು ಬನ್ನಿ,” ಎಂದೆ. “ಕೊಡೋವಾಗ ‘ಕೊಡ್ತಿದೀನಿ’. ಕೊಟ್ಮೇಲೆ ‘ಕೊಟ್ಟೆ’. ತಿಳೀತಾ?”

“ಆಯ್ತು ಮೇಡಂ,” ಎಂದರು ಇಬ್ಬರೂ ಒಟ್ಟಿಗೆ.

ಗೋರ್ಕಲ್ಲ ಮೇಲೆ ಮಳೆ ಸುರಿದ ಹಾಗೆ. ಚೀಲಕ್ಕೆ ಮತ್ತೆ ಕೆಂಪು ನೀರು ತುಂಬಿ, ಮಂಚದ ಕೆಳಗೆ ತೂರಿದೆ.

“ದೊಡ್ಡಕ್ಕ, ಇಂಜೆಕ್ಷನ್ ಕೊಡಿ,” ಎಂದರು ಡಾಕ್ಟರ್.

“ಆ...” ಎಂದವರು, ಕೆಳಗಿನಿಂದ ಇಣುಕಿದ ನನ್ನ ಮುಖ ನೋಡಿ ಉಳಿದದ್ದನ್ನು ನುಂಗಿಕೊಂಡರು. “ಕೊಡ್ತಿದೀನಿ.” ತುಸು ಹೊತ್ತಿಗೆ, ಮಗ್ಗಿ ಒಪ್ಪಿಸುವ ಮಗುವಿನಂತೆ ಜೋರಾಗಿ, “ಕೊಟ್ಟೆ!”

ನಾನು ಕೊಳವೆ ಬಿಗಿದೆ.

“ಬದುಕಿದ್ಲಾ ಮೇಡಂ?”

“ಬದುಕಿದ್ಲು.”

“ಬದುಕದೆ ಏನ್ಮಾಡ್ತಾಳೆ? ಇವಳಿಗೋಸ್ಕರ ಬೆಳಿಗ್ಗೆಯಿಂದ ನಿಮ್ಮ ಹತ್ರ ಬೈಸಿಕೊಂಡಿದೀವಿ.”

ಅಷ್ಟರಲ್ಲಿ ನನ್ನ ಫೋನ್ ಬಡಿದುಕೊಂಡಿತು. ತಂಗಿ.

“ಅಕ್ಕಾ, ನೋವು ಶುರುವಾಯ್ತು ಕಣೆ.”

“ತಡ ಮಾಡ್ಬೇಡ, ಹೊರಡು.”

“ಆಯ್ತು.”

“ಆಯ್ತು ಅಂದ್ರೆ ಏನೇ? ಹೊರಡ್ತೀಯಾ, ಹೊರಟ್ಯಾ?”

“ಯಾಕೆ ಹಂಗೆ ಕಿರುಚ್ತೀಯ? ಹೊರಟಾಯ್ತು ಅಂತ. ನಿನ್ನ ವಾರ್ಡಿನ ಬಾಗಿಲಲ್ಲೇ ನಿಂತಿದೀನಿ.”

ಡಾಕ್ಟರ್ ಆಗಲೇ ಕೈಗವಸು ಬದಲಿಸುತ್ತಿದ್ದರು. “ದೊಡ್ಡಕ್ಕ, ಗೊಂಬೆ ಇಳಿಸಿ.”

“ಇಳಿಸ್ತಿದೀನಿ.” ಮಹಾರಾಣಿಯನ್ನು ಕಂಕುಳಲ್ಲಿ ಇರುಕಿಕೊಂಡು ಹೋಗಿ ಮೂಲೆಯಲ್ಲಿ ಕೂರಿಸಿದರು. “ಇಳಿಸ್ದೆ. ಮೇಡಂ, ನೀವೂ ಕೆಳಗಿಂದ ಎದ್ದು ಬನ್ನಿ.”

“ಆಯ್ತು,” ಎಂದೆ.

ಅಂದವಳು ಕೊಳವೆ ಬಿಗಿಹಿಡಿದು ಇನ್ನೂ ಮಂಚದ ಕೆಳಗೇ ಕೂತಿದ್ದೆ.