ವಾಸನೆ ಹೋದ ಮೇಲೆ

ಸಮುದ್ರ ನೋಡಿದ ಕೂಡಲೇ ಟೈಲರಮ್ಮ ಸೆರಗಿನಿಂದ ಮೂಗು ಮುಚ್ಚಿದಳು. ದಡದುದ್ದಕ್ಕೂ ಕೊಳೆತ ಪಾಚಿ ರಾಶಿ ಬಿದ್ದಿತ್ತು, ಅದರ ಮೇಲೆ ನೊಣ, ನೊಣಗಳ ನಡುವೆ ಯಾರೋ ಬಿಟ್ಟುಹೋದ ಒಂಟಿ ಚಪ್ಪಲಿ. ಕ್ರಿಸ್‌ಮಸ್‌ಗೆ ಮೊದಲು ಇತ್ತ ಯಾರೂ ಸುಳಿಯುವುದಿಲ್ಲ, ಅದಕ್ಕೇ ರೂಮು ಇಷ್ಟು ಅಗ್ಗಕ್ಕೆ ಸಿಕ್ಕಿತು ಎಂದು ಗಂಡ ದಾರಿಯುದ್ದಕ್ಕೂ ಬೀಗಿದ್ದ. ಯಾರೂ ಯಾಕೆ ಸುಳಿಯುವುದಿಲ್ಲ ಎನ್ನುವುದು ಈಗ ಮೂಗಿಗೇ ಬಡಿಯುತ್ತಿತ್ತು.

ಅವಳ ಮೂಗು ಸಾಮಾನ್ಯದ್ದಲ್ಲ. ಹೊಲಿಯಲು ಕೊಟ್ಟ ಬಟ್ಟೆ ಮೂಸಿ, ಆ ಮನೆಯಲ್ಲಿ ಹಿಂದಿನ ದಿನ ಏನು ಹುರಿದಿದ್ದರು ಎಂದು ಹೇಳುವವಳು. ಅಂಥವಳನ್ನು ದೇವರು ಗಂಟು ಹಾಕಿದ್ದು ಮೂಳೆ ಬೇಯಿಸಿ ಅಂಟು ತೆಗೆಯುವ ಕಾರ್ಖಾನೆಯ ಬಾಯ್ಲರ್ ಮೇಸ್ತ್ರಿಯ ಜೊತೆ. ಆ ವಾಸನೆ ಗೊತ್ತಿಲ್ಲದವರಿಗೆ ಹೇಳಿ ಪ್ರಯೋಜನವಿಲ್ಲ. ಅದು ಅವನ ಕೂದಲಿನಲ್ಲಿತ್ತು, ಉಗುರಿನಲ್ಲಿತ್ತು, ಬೆವರಿನಲ್ಲಿತ್ತು. ನಿಂಬೆಹಣ್ಣು, ವಿನೆಗರ್, ಬಟ್ಟೆ ಸೋಪು, ಯಾವುದಕ್ಕೂ ಬಗ್ಗಲಿಲ್ಲ. ಮಗಳು ಹುಟ್ಟಿದ ವರ್ಷ ಟೈಲರಮ್ಮ ತನ್ನ ಹಾಸಿಗೆಯನ್ನು ಹೊಲಿಗೆ ಮಿಷನ್ನಿನ ಕೋಣೆಗೆ ಸಾಗಿಸಿದಳು. ನೀವು ಆ ಕೆಲಸ ಬಿಟ್ಟ ದಿನ ವಾಪಸ್ ಬರುತ್ತೇನೆ ಎಂದು ಮಾತು ಕೊಟ್ಟಿದ್ದಳು. ಮಗಳು ದೊಡ್ಡವಳಾಗಿ, ಮದುವೆಯಾಗಿ ಬೇರೆ ಊರು ಸೇರಿದರೂ ಹಾಸಿಗೆ ಮಿಷನ್ನಿನ ಪಕ್ಕದಲ್ಲೇ ಇತ್ತು. ಮೇಸ್ತ್ರಿ ಒಂದು ದಿನವೂ ಗೊಣಗಲಿಲ್ಲ.

ಕಳೆದ ತಿಂಗಳು ಅವನು ನಿವೃತ್ತನಾದ. ಕ್ರಿಸ್‌ಮಸ್‌ಗೆ ಮಗಳು ಅಳಿಯ ಬಂದಿಳಿಯುವ ಮೊದಲು ಎರಡು ದಿನ ನಾವಿಬ್ಬರೇ ಹೋಗಿಬರೋಣ ಎಂದು ಅವನೇ ಹೊರಡಿಸಿದ. ಯಾಕೆಂದು ಅವನು ಹೇಳಲಿಲ್ಲ, ಅವಳೂ ಕೇಳಲಿಲ್ಲ. ಕೊಟ್ಟ ಮಾತು ಇಬ್ಬರಿಗೂ ನೆನಪಿತ್ತು.

ರೂಮಿನಲ್ಲಿ ಒಂದೇ ಮಂಚ. ಅವಳ ಕಣ್ಣು ಮೊದಲು ಬಿದ್ದದ್ದು ಅದರ ಮೇಲೆ, ಆದರೆ ಬಾಯಿಗೆ ಬಂದದ್ದು ಹಾಸಿನ ದೂರು. ದಿಂಬಿನ ಮೇಲೆ ಯಾರದೋ ತಲೆಯೆಣ್ಣೆಯ ಕಲೆ. ಬಚ್ಚಲಿನ ಮೂಲೆಯಲ್ಲಿ ಲೋಳೆ, ಜಾಲರಿಯಲ್ಲಿ ಯಾರದೋ ಕೂದಲಿನ ಉಂಡೆ. ಕೆಳಗೆ ಲಾಡ್ಜಿನ ಒಡತಿ ನಿಲ್ಲಿಸಿದ್ದ ಕ್ರಿಸ್‌ಮಸ್ ಮರವೂ ಅಷ್ಟೇ ಚೆಂದ. ಹಿಮವೆಂದು ಅದಕ್ಕೆ ಅಂಟಿಸಿದ್ದ ಹತ್ತಿ, ಗಾಯ ಒರೆಸಿ ಬಿಸಾಡಿದ ಹತ್ತಿಯ ಹಾಗೆ ಕಂದಿತ್ತು. ಇಂಥ ಹೊಲಸಿನಲ್ಲಿ ತಾನು ಮೈ ಚಾಚುವುದಿಲ್ಲವೆಂದು ಹೇಳಿ ಆ ರಾತ್ರಿಯನ್ನು ಅವಳು ಕುರ್ಚಿಯಲ್ಲೇ ಕಳೆದಳು. ಬೆಳಗಾಗುತ್ತಲೇ ಮೇಸ್ತ್ರಿ ಒಡತಿಯ ಮುಂದೆ, ತಪ್ಪೆಲ್ಲ ತನ್ನದೇ ಎಂಬಂತೆ ಕೈ ಹೊಸೆಯುತ್ತಾ ನಿಂತು, ಒಗೆದ ಹಾಸು ಹೊಸ ದಿಂಬು ಕೇಳಿ ತಂದ. ತಾನೇ ಮಂಡಿಯೂರಿ ಬಚ್ಚಲು ಉಜ್ಜಿದ. ಕೂದಲಿನ ಉಂಡೆಯನ್ನು ಬರಿಗೈಯಲ್ಲಿ ಎತ್ತಿ ಬಿಸಾಡಿದ. ಅವಳ ನೆಪಗಳೆಲ್ಲ ಹೀಗೆ ಒಂದೊಂದಾಗಿ ಖಾಲಿಯಾದವು.

ಇನ್ನು ಉಳಿದದ್ದು ಅವನೊಬ್ಬನೇ.

ತಿಂಡಿಯ ಮೇಜಿನಲ್ಲಿ ಅವನು ಟೀಯನ್ನು ಸೊರ್ರೆಂದು ಎಳೆದ. ಬೀಗದ ಕೈಯಿಂದ ಕಿವಿ ಕೆರೆದು, ತುದಿಗೆ ಹತ್ತಿದ್ದನ್ನು ನೋಡಿ, ಪ್ಯಾಂಟಿಗೆ ಒರೆಸಿದ. ಅದ್ದಿ ತಿಂದ ಬ್ರೆಡ್ಡಿನ ಚೂರು ಮೀಸೆಯಲ್ಲಿ ಉಳಿದು, ಅವನು ನಕ್ಕಾಗಲೆಲ್ಲ ಕುಣಿಯಿತು. ಇದೇನೂ ಹೊಸದಲ್ಲ, ಇಷ್ಟು ವರ್ಷವೂ ಅವನು ಮಾಡಿದ್ದೇ. ಆಗ ಅವಳು ಎಲ್ಲದರ ಹೊಣೆಯನ್ನೂ ವಾಸನೆಯ ತಲೆಗೆ ಕಟ್ಟಿ ನಿಶ್ಚಿಂತೆಯಾಗಿದ್ದಳು. ಈಗ ಅವನ ತೋಳು ಸುಮ್ಮನೆ ತಾಗಿದರೂ ಮೈಮೇಲೆ ಹಲ್ಲಿ ಬಿದ್ದ ಹಾಗಾಗುತ್ತಿತ್ತು.

ಮಧ್ಯಾಹ್ನ ಮೇಸ್ತ್ರಿ ಬಹಳ ಹೊತ್ತು ಸ್ನಾನ ಮಾಡಿದ. ತಲೆ ಬಾಚಿ, ಅವಳೇ ಎಂದೋ ಹೊಲಿದುಕೊಟ್ಟಿದ್ದ ಬಿಳಿ ಅಂಗಿ ತೊಟ್ಟು ಬಂದ. ವಾಸನೆ ಹಿಡಿದೀತೆಂದು ಒಂದು ಸಲವೂ ತೊಡದೆ ಪೆಟ್ಟಿಗೆಯಲ್ಲಿಟ್ಟಿದ್ದ ಅಂಗಿ ಅದು. ಮಂಚದ ಅಂಚಿಗೆ ಕೂತು, ಅಂಗಿಯ ತೋಳು ಮಡಚಿ ಕೈ ಚಾಚಿದ.

"ಒಂದ್ಸಲ ಮೂಸಿ ನೋಡೇ. ನನಗಂತೂ ಗೊತ್ತಾಗಲ್ಲ, ನನ್ನ ಮೂಗು ಯಾವತ್ತೋ ಸತ್ತುಹೋಗಿದೆ. ನೀನು ಹೇಳಿದ್ದೇ ಸರಿ."

ಟೈಲರಮ್ಮ ಬಗ್ಗಿದಳು. ಬೆರಳು, ಮಣಿಕಟ್ಟು, ಮೊಣಕೈ, ಕೊನೆಗೆ ಕತ್ತು. ಎಲ್ಲಾದರೂ ಒಂದಿಷ್ಟು ಸಿಕ್ಕೀತೇ ಎಂದು ಉಸಿರೆಳೆದೆಳೆದು ಹುಡುಕಿದಳು. ಬರೀ ಸೋಪು. ಸೋಪಿನ ಕೆಳಗೆ ಒಬ್ಬ ಶುಭ್ರವಾದ ಮುದುಕನ ಬಿಸುಪು. ವಾಸನೆ ಪೂರ್ತಿ ಹೋಗಿತ್ತು, ಹೇಸಿಗೆ ಮಾತ್ರ ಇದ್ದಲ್ಲೇ ಇತ್ತು. ಅದು ಅಂಟಿನ ಮೇಲಿನದ್ದಲ್ಲ, ಯಾವತ್ತೂ ಆಗಿರಲಿಲ್ಲ. ಅದು ಈ ಮನುಷ್ಯನ ಮೇಲಿನದ್ದು. ಯಾವ ಕೆಡುಕೂ ಮಾಡದ, ಇಷ್ಟು ವರ್ಷ ನಾಯಿಯ ಹಾಗೆ ಹೊಸ್ತಿಲಾಚೆ ಕಾದ ಈ ಮನುಷ್ಯನನ್ನು ಅವಳಿಗೆ ಕಂಡರಾಗುತ್ತಿರಲಿಲ್ಲ, ಅಷ್ಟೇ. ಅದನ್ನು ತಿಳಿದ ಗಳಿಗೆಯಲ್ಲಿ ಅವಳಿಗೆ ತನ್ನ ಮೇಲೆ ಬಂದ ಅಸಹ್ಯದ ಮುಂದೆ ಹೊರಗಿನ ಪಾಚಿ ಏನೇನೂ ಅಲ್ಲ.

"ಏನಂತೆ?" ಎಂದ ಮೇಸ್ತ್ರಿ. ಮುಖ ಇಷ್ಟಗಲ ಅರಳಿತ್ತು.

"ಇನ್ನೂ ಇದೆ ರೀ."

ಅವನು ಕೈ ಹಿಂದೆಳೆದುಕೊಂಡು ಸತ್ತ ಮೂಗಿನಿಂದ ತಾನೂ ಒಮ್ಮೆ ಮೂಸಿದ. ಸಿಟ್ಟು ಮಾಡಲಿಲ್ಲ. ಬದಲಿಗೆ ಅವಳನ್ನೇ ಸಮಾಧಾನ ಮಾಡಿದ.

"ಒಂದೇ ತಿಂಗಳಿಗೆ ಹೋಗು ಅಂದ್ರೆ ಹೋಗುತ್ತಾ, ಪಾಪ. ಇನ್ನೊಂದ್ಸಲ ಚೆನ್ನಾಗಿ ತಿಕ್ಕೊಂಡು ಬರ್ತೀನಿ. ನೀನು ಮಲ್ಕೊ, ರಾತ್ರಿಯೆಲ್ಲಾ ಕೂತೇ ಇದ್ದೆ."

ಅಂಗಿ ಬಿಚ್ಚಿ, ಮಡಿಕೆ ಕೆಡದಂತೆ ಮಡಚಿಟ್ಟು, ಹಿಮ್ಮಡಿ ತಿಕ್ಕುವ ಕಲ್ಲನ್ನು ಚೀಲದಿಂದ ಹುಡುಕಿ ತೆಗೆದುಕೊಂಡು ಬಚ್ಚಲಿಗೆ ಹೋದ. ಬಿಸಿನೀರು ಆಗಲೇ ಮುಗಿದಿತ್ತು. ತಣ್ಣೀರು ಬೀಳುವ ಸದ್ದು ಬಂತು, ಆಮೇಲೆ ಕಲ್ಲು ಚರ್ಮದ ಮೇಲೆ ಉಜ್ಜುವ ಸದ್ದು, ಮತ್ತೆ ಮತ್ತೆ, ಒಂದೇ ಜಾಗದಲ್ಲಿ. ಸಾಕು ಬನ್ನಿ ಎಂದು ಕೂಗಬೇಕೆಂದು ಟೈಲರಮ್ಮ ಬಾಯಿ ತೆರೆದಳು. ಬಂದರೆ ಅವನು ಪಕ್ಕದಲ್ಲಿ ಮಲಗುತ್ತಾನೆ ಎನ್ನುವುದು ನೆನಪಾಗಿ ಸುಮ್ಮನಾದಳು.