ಅವಳ ಹುದ್ದೆಯ ಮುಂದೆ ಸೊನ್ನೆ

ಇಪ್ಪತ್ತೆರಡು ವರ್ಷ ನರ್ಸಾಗಿದ್ದ ನನ್ನನ್ನು ಸರ್ಕಾರಿ ಆಸ್ಪತ್ರೆಯ ಆಡಳಿತಾಧಿಕಾರಿ ಮಾಡಿದರು. ಸೂಜಿ ಚುಚ್ಚುವುದರಲ್ಲಿ ಪಳಗಿದ ಕೈ ನನ್ನದು. ಬಜೆಟ್ ಕಂಡರೆ ಕೈಕಾಲೇ ಆಡುತ್ತಿರಲಿಲ್ಲ.

ಅದೇ ವರ್ಷ ನಮ್ಮ ಆಸ್ಪತ್ರೆಯ ಬಟ್ಟೆ ಒಗೆಯುವಾಕೆ ಸಂಬಳವಿಲ್ಲದ ರಜೆ ಕೇಳಿದಳು. ಮಗಳ ಸೊಂಟದ ಮೂಳೆ ಮುರಿದಿತ್ತು, ಮೂರು ಆಪರೇಷನ್ ಆಗಬೇಕಿತ್ತು.

"ಎರಡು ವರ್ಷ ಹಿಡಿಯುತ್ತಂತಕ್ಕಾ. ಕೆಲಸ ಹೋಗಲ್ಲ ತಾನೆ?"

"ನಾನಿರೋವಾಗ ಅದೆಲ್ಲಿಗೆ ಹೋಗುತ್ತೆ? ಮೊದಲು ಮಗಳನ್ನ ನೋಡ್ಕೋ."

ಬಟ್ಟೆಗಳನ್ನು ಹೊರಗೆ ಒಗೆಯಲು ಕೊಟ್ಟೆ. ಮುಂದಿನ ವರ್ಷಕ್ಕೆ ಎಷ್ಟು ಹಣ ಬೇಕೆಂಬ ಪಟ್ಟಿ ಬರೆಯುವಾಗ ಅವಳ ಹುದ್ದೆಯ ಸಾಲು ಬಂತು. ಸಂಬಳವನ್ನೇ ಪಡೆಯದವಳ ಹೆಸರಲ್ಲಿ ಜನರ ದುಡ್ಡು ಯಾಕೆ ಕೇಳಲಿ? ಸೊನ್ನೆ ಬರೆದೆ. ಮರುವರ್ಷವೂ ಬರೆದೆ. ಪಟ್ಟಿ ಅಚ್ಚುಕಟ್ಟಾಗಿದೆ ಎಂದು ಮೇಲಿನವರು ಹೊಗಳಿ ಪತ್ರ ಕಳಿಸಿದರು. ಅದನ್ನು ಮೇಜಿನ ಗಾಜಿನಡಿ ಇಟ್ಟುಕೊಂಡು ಬೀಗಿದೆ, ನನ್ನ ಜಂಬಕ್ಕಿಷ್ಟು ಬೆಂಕಿ ಹಾಕ!

ಇಷ್ಟೆಲ್ಲ ಆದಮೇಲೆ, ಲೆಕ್ಕ ಓದದ ಅಧಿಕಾರಿಗಳಿಗೆಂದು ಮೂರು ದಿನದ ತರಬೇತಿಗೆ ಕರೆದರು. ಊಟವಾಗಿ ಅರ್ಧ ತರಗತಿ ತೂಕಡಿಸುತ್ತಿತ್ತು. ಮೇಷ್ಟ್ರು ಹಲಗೆಯ ಮೇಲೆ ಸೊನ್ನೆ ಎಳೆದರು.

"ಆಳು ರಜೆಯಲ್ಲಿದ್ರೂ ಹುದ್ದೆ ಹೆಸರಲ್ಲಿ ಪುಡಿಗಾಸಾದ್ರೂ ಕೇಳಿ. ಎರಡು ವರ್ಷ ಸೊನ್ನೆ ಬರೆದ್ರೆ ಹುದ್ದೆ ಬೇಡ ಅಂತಲೇ ಅರ್ಥ. ರದ್ದಾಗಿಬಿಡುತ್ತೆ."

ತರಬೇತಿ ಬಿಟ್ಟು ಹಣಕಾಸು ಕಚೇರಿಗೆ ಓಡಿದೆ. ಗುಮಾಸ್ತ ಕಂಪ್ಯೂಟರನ್ನು ನನ್ನತ್ತ ತಿರುಗಿಸಿದ. ರದ್ದಾಗಿ ಹನ್ನೊಂದು ದಿನವಾಗಿತ್ತು.

"ನೀವೇ ಬೇಡ ಅಂದಿದ್ದೀರಲ್ಲ ಮೇಡಂ. ಹೊಸ ಹುದ್ದೆ ಕೇಳಿ ನೋಡಿ. ನಾಲ್ಕೈದು ವರ್ಷ ಆಗಬಹುದು."

ಅಂಗಲಾಚಿದೆ. ಅವನು ಪಾಪ, ಏನು ಮಾಡಿಯಾನು?

ಸೋಮವಾರ ಅವಳು ರಜೆ ಮುಗಿಸಿ ಬಂದಳು. ಮಗಳು ಕೋಲು ಹಿಡಿದು ನಡೆಯುತ್ತಾಳಂತೆ. ಹೇಳುವಾಗ ಮುಖ ಅರಳಿತ್ತು. ತಪ್ಪನ್ನು ಮೇಲಿನವರ ತಲೆಗೆ ಕಟ್ಟಿ ಕೈತೊಳೆದುಕೊಳ್ಳಬಹುದಿತ್ತು, ನಾಲಿಗೆ ಏಳಲಿಲ್ಲ. ಹುದ್ದೆ ರದ್ದಾಗಿದೆ, ಸೊನ್ನೆ ಬರೆದದ್ದು ನಾನೇ ಎಂದು ಹೇಳಿದೆ.

ಅವಳು ನನ್ನ ಕುರ್ಚಿಯ ಮೇಲಿದ್ದ ಟವೆಲನ್ನು ಎತ್ತಿಕೊಂಡು, ಕೈ ತಾನಾಗಿಯೇ ಮಾಡಿತೇನೋ ಎಂಬಂತೆ, ನಾಲ್ಕು ಮಡಿಕೆ ಮಾಡಿ ಮೇಜಿನ ಮೇಲಿಟ್ಟಳು.

"ಕೆಟ್ಟದ್ದು ಮಾಡಬೇಕು ಅಂತ ಬರೆದಿಲ್ವಲ್ಲ ಬಿಡಿ" ಎಂದಳು. ಅವಳು ಬಾಯಿಗೆ ಬಂದಂತೆ ಬೈದಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು.

ಬಾಗಿಲವರೆಗೆ ಹೋಗಿ ತಿರುಗಿದಳು.

"ನಿಮ್ಮ ಮಾತು ನಂಬ್ಕೊಂಡು ಆಪರೇಷನ್‌ಗೆ ಸಾಲ ಮಾಡಿದ್ದೆ ಅಕ್ಕಾ."